ಕೆಲಸದ ಹಾದಿ, ಖರ್ಚು, ಕೈತಪ್ಪು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಸ್ಥೆಗಳ ಒಳಗೆ ಕೆಲಸ ಹೇಗೆ ಸಾಗುತ್ತದೆ, ದುಡ್ಡು ಎಲ್ಲಿ ಸೋರುತ್ತದೆ, ತಪ್ಪುಗಳು ಯಾಕೆ ಆಗುತ್ತವೆ ಅಂತ ನೋಡುವುದು ನನ್ನ ಕೆಲಸ. ಕಾರ್ಖಾನೆ, ಆಸ್ಪತ್ರೆ, ಬ್ಯಾಂಕು, ಆಫೀಸು ಯಾವುದೇ ಇರಲಿ, ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೆಲವಕ್ಕೆ ಉದ್ದದ ಉತ್ತರ ಬೇಕು, ಕೆಲವಕ್ಕೆ ಎರಡು ಮಾತು ಸಾಕು.

ಪ್ರೋಸೆಸ್, ಖರ್ಚು, ಮನುಷ್ಯರ ತಪ್ಪು ಇವು ಮೂರೂ ಬೇರೆ ಬೇರೆ ವಿಷಯ ಅಲ್ವಾ?

ಕಾಗದದ ಮೇಲೆ ಬೇರೆ ಬೇರೆ. ಪ್ರೋಸೆಸ್ ಆಪರೇಶನ್ಸ್‌ನವರದ್ದು, ಖರ್ಚು ಅಕೌಂಟ್ಸ್‌ನವರದ್ದು, ತಪ್ಪು ಮಾಡಿದವರ ವಿಚಾರ ಎಚ್‌ಆರ್‌ನವರದ್ದು. ಕೆಲಸ ನಡೆಯುವ ಮೇಜಿನ ಹತ್ತಿರ ಬಂದರೆ ಮೂರೂ ಒಂದೇ ಕಡೆ ಕೂತಿರುತ್ತವೆ.

ಒಂದು ಬಿಲ್ಲಿನ ಕಥೆ ನೋಡಿ. ಪರ್ಚೇಸ್ ಆರ್ಡರ್ ಬರೆದವರು ಇದು ಯಾವ ವಿಭಾಗದ ಖರ್ಚು ಅನ್ನುವ ಕೋಡ್ ಹಾಕಲಿಲ್ಲ. ಆ ಜಾಗ ಖಾಲಿ ಬಿಟ್ಟರೂ ಫಾರ್ಮ್ ಮುಂದಕ್ಕೆ ಹೋಗುತ್ತದೆ. ಸಾಮಾನು ಬಂತು, ಬಿಲ್ಲೂ ಬಂತು. ಕೋಡ್ ಇಲ್ಲ ಅಂತ ಅಕೌಂಟ್ಸ್‌ನವರು ಮೇಲ್ ಹಾಕಿದರು. ಉತ್ತರ ಇಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿದರೆ ಆ ಕಡೆಯವರು ರಜೆ. ಅಷ್ಟರಲ್ಲಿ ತಿಂಗಳ ಕೊನೆ ಬಂತು, ಲೆಕ್ಕ ಮುಚ್ಚಬೇಕು. ಅಂದಾಜಿನ ಮೇಲೆ ಒಂದು ಕೋಡ್ ಹಾಕಿದರು, ಅದು ತಪ್ಪಾಯಿತು. ಮುಂದಿನ ತಿಂಗಳು ರಿವರ್ಸ್ ಎಂಟ್ರಿ, ಆಮೇಲೆ ಆಡಿಟ್‌ನವರ ಪ್ರಶ್ನೆ, ಅದಕ್ಕೊಂದು ವಿವರಣೆ ಪತ್ರ. ನಾಲ್ಕು ನಿಮಿಷದ ಕೆಲಸಕ್ಕೆ ನಾಲ್ಕು ಜನರ ಅರ್ಧ ದಿನ ಹೋಯಿತು.

ವರದಿಯಲ್ಲಿ ಬರುವುದು ಮಾತ್ರ ಒಂದೇ ಸಾಲು: ಅಕೌಂಟ್ಸ್ ಸಿಬ್ಬಂದಿಯಿಂದ ತಪ್ಪು ಎಂಟ್ರಿ. ಆ ಫಾರ್ಮ್ ಹಾಗೇ ಇರುತ್ತದೆ. ಮುಂದಿನ ತಿಂಗಳು ಇನ್ನೊಂದು ಬಿಲ್ಲು ಅದೇ ದಾರಿ ಹಿಡಿಯುತ್ತದೆ.

ಸರಿ, ಎಲ್ಲಿಂದ ಶುರು ಮಾಡಬೇಕು?

ಮೀಟಿಂಗ್ ರೂಮಿನಿಂದ ಶುರು ಮಾಡಬೇಡಿ. ಯಾವಾಗಲೂ ಗಲಾಟೆ ಆಗುವ ಒಂದು ಕೆಲಸ ಆರಿಸಿಕೊಳ್ಳಿ. ಒಂದು ಅರ್ಜಿ ಇರಬಹುದು, ಒಂದು ಆರ್ಡರ್ ಇರಬಹುದು, ರೋಗಿಯೊಬ್ಬರ ಡಿಸ್ಚಾರ್ಜ್ ಇರಬಹುದು. ಮೊದಲಿಂದ ಕೊನೆವರೆಗೆ ಅದರ ಹಿಂದೆಯೇ ನಡೆಯಿರಿ. ಪ್ರತಿ ಮೇಜಿನಲ್ಲೂ ಎರಡು ಲೆಕ್ಕ ಬರೆದುಕೊಳ್ಳಿ: ಅದರ ಮೇಲೆ ಯಾರಾದರೂ ಕೆಲಸ ಮಾಡಿದ್ದು ಎಷ್ಟು ಹೊತ್ತು, ಅದು ಸುಮ್ನೆ ಬಿದ್ದಿದ್ದದ್ದು ಎಷ್ಟು ಹೊತ್ತು. ಒಂಬತ್ತು ದಿನ ಹಿಡಿದ ಅರ್ಜಿಯಲ್ಲಿ ನಿಜವಾದ ಕೆಲಸ ಒಂದು ಗಂಟೆಯೂ ಇರುವುದಿಲ್ಲ. ಇದು ತೀರಾ ಮಾಮೂಲು.

ಹೋಗುವಾಗ ಕಣ್ಣು ಬಿಟ್ಟು ನೋಡಬೇಕಾದ್ದು ಇನ್ನೊಂದಿದೆ. ಕಂಪ್ಯೂಟರ್ ಪರದೆಯ ಅಂಚಿಗೆ ಅಂಟಿಸಿದ ಹಳದಿ ಚೀಟಿಗಳು, ಡ್ರಾಯರ್‌ನಲ್ಲಿರುವ ಸ್ವಂತ ನೋಟ್‌ಬುಕ್, "ನನ್ನ ಅನುಕೂಲಕ್ಕೆ ಇಟ್ಟುಕೊಂಡಿದೀನಿ" ಅನ್ನುವ ಎಕ್ಸೆಲ್ ಶೀಟು. ಅಧಿಕೃತ ವ್ಯವಸ್ಥೆ ಎಲ್ಲೆಲ್ಲಿ ಕೈಕೊಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಕ್ಷೆ ಸಿಗುವುದಿಲ್ಲ. "ಇದು ಯಾಕೆ ಇಟ್ಟುಕೊಂಡಿದೀರಿ?" ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು, ಮಿಕ್ಕಿದ್ದು ಅವರೇ ಹೇಳುತ್ತಾರೆ. ಕೇಳುವ ದನಿ ಮಾತ್ರ ವಿಚಾರಣೆಯ ದನಿ ಆಗಬಾರದು.

ಒಂದು ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತಿದೆ ಅಂತ ಲೆಕ್ಕ ಇಡುವ ವ್ಯವಸ್ಥೆಯೇ ನಮ್ಮಲ್ಲಿಲ್ಲ. ಏನು ಮಾಡಲಿ?

ಜಾನ್ ಲಿಟ್ಲ್ ಅನ್ನುವವರು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಒಂದು ಸರಳ ಸೂತ್ರ ಇದೆ. ಪೆಂಡಿಂಗ್ ಇರುವುದನ್ನು ದಿನಕ್ಕೆ ಮುಗಿಯುವುದರಿಂದ ಭಾಗಿಸಿ. ಒಟ್ಟು 200 ಫೈಲ್ ಪೆಂಡಿಂಗ್, ದಿನಕ್ಕೆ 20 ಮುಗಿಯುತ್ತವೆ ಅಂದರೆ ಒಂದು ಫೈಲ್ ಸರಾಸರಿ 10 ದಿನ ಒಳಗೆ ಇರುತ್ತದೆ. ಸಾಫ್ಟ್‌ವೇರೂ ಬೇಡ, ಕನ್ಸಲ್ಟೆಂಟೂ ಬೇಡ. ಬರುವ ಫೈಲು ಮತ್ತು ಹೋಗುವ ಫೈಲು ಸುಮಾರಾಗಿ ಸಮ ಇರಬೇಕು, ಅಷ್ಟೇ ಷರತ್ತು.

ಇದರಲ್ಲಿ ಇನ್ನೊಂದು ಗುಟ್ಟಿದೆ. ದಿನಕ್ಕೆ ಮುಗಿಯುವುದು ಅಷ್ಟೇ ಇದ್ದು, ಒಮ್ಮೆಗೆ ಕೈಗೆತ್ತಿಕೊಳ್ಳುವುದನ್ನು ಕಡಿಮೆ ಮಾಡಿದರೆ ಪ್ರತಿ ಕೆಲಸವೂ ಬೇಗ ಮುಗಿಯುತ್ತದೆ. ಎಲ್ಲವನ್ನೂ ಅರ್ಧರ್ಧ ಶುರು ಮಾಡಿ ಇಟ್ಟುಕೊಳ್ಳುವ ಅಭ್ಯಾಸ ಇರುವ ಕಡೆ ಇದನ್ನು ಒಪ್ಪಿಸುವುದು ಬಹಳ ಕಷ್ಟ.

ನಮ್ಮಲ್ಲಿ ಪ್ರತಿ ಹಂತದಲ್ಲೂ 99% ಸರಿಯಾಗಿ ನಡೆಯುತ್ತದೆ. ಇನ್ನೇನು ಬೇಕು?

ಹಂತ ಎಷ್ಟಿದೆ ಅಂತ ಎಣಿಸಿ. ಒಂದರ ಹಿಂದೆ ಒಂದು 20 ಹಂತ ಇದ್ದು, ಪ್ರತಿಯೊಂದೂ 99% ಸರಿ ಇದ್ದರೆ, ಎಲ್ಲೂ ಎಡವದೆ ಹೊರಗೆ ಬರುವುದು 100ಕ್ಕೆ 82 ಮಾತ್ರ. ಹಂತಕ್ಕೆ 95% ಆದರೆ 36. ಅದೇ 99% ಇಟ್ಟುಕೊಂಡು ಹಂತಗಳನ್ನು 10ಕ್ಕೆ ಇಳಿಸಿದರೆ 90. ಜನರಿಗೆ "ಇನ್ನೂ ಹುಷಾರಾಗಿರಿ" ಅಂತ ಹೇಳುವುದಕ್ಕಿಂತ ಹಂತ ಕಡಿಮೆ ಮಾಡುವುದು ಸುಲಭ, ಅಗ್ಗ ಕೂಡ.

ತನಿಖೆಯಲ್ಲಿ "ಮಾನವ ದೋಷ" ಅಂತ ಬಂದರೆ ವಿಷಯ ಅಲ್ಲಿಗೆ ಮುಗಿದ ಹಾಗಲ್ವಾ?

ನನ್ನ ಪ್ರಕಾರ ತನಿಖೆ ಶುರು ಆಗಬೇಕಾದ ಜಾಗ ಅದು.

ಎರಡನೇ ಮಹಾಯುದ್ಧದ ಕಾಲದ ಒಂದು ಪ್ರಸಂಗ ಈ ಕ್ಷೇತ್ರದವರಿಗೆಲ್ಲ ಗೊತ್ತು. ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸರಿಯಾಗಿ ನೆಲಕ್ಕೆ ಇಳಿದ ಮೇಲೆ ಪೈಲಟ್‌ಗಳು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ವಿಮಾನ ಹೊಟ್ಟೆ ಮೇಲೆ ಕುಸಿದು ಕೂರುತ್ತಿತ್ತು. ಪೈಲಟ್ ದೋಷ ಅಂತ ಬರೆದು ಮುಗಿಸುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಅನ್ನುವ ಮನಶ್ಶಾಸ್ತ್ರಜ್ಞರು ಕಾಕ್‌ಪಿಟ್ ಒಳಗೆ ಹೋಗಿ ನೋಡಿದರು. ಚಕ್ರದ ಹಿಡಿಕೆ ಮತ್ತು ರೆಕ್ಕೆಯ ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಸಿ ಎತ್ತುವ ಪಟ್ಟಿ) ಹಿಡಿಕೆ ಪಕ್ಕಪಕ್ಕ ಇದ್ದವು, ಎರಡೂ ಒಂದೇ ಥರ. ಇಳಿದ ಮೇಲೆ ಫ್ಲಾಪ್ ಎತ್ತಬೇಕು. ಸುಸ್ತಾದ ಪೈಲಟ್ ಕೈ ಚಾಚಿದಾಗ ಸಿಗುತ್ತಿದ್ದದ್ದು ಪಕ್ಕದ ಹಿಡಿಕೆ. ಈ ಎರಡು ಹಿಡಿಕೆ ಬೇರೆ ಥರ ಜೋಡಿಸಿದ್ದ ಸಿ-47 ವಿಮಾನದಲ್ಲಿ ಈ ತಾಪತ್ರಯವೇ ಇರಲಿಲ್ಲ. ಪೈಲಟ್‌ಗಳು ಅದೇ ಪಡೆಯವರು, ಅದೇ ತರಬೇತಿಯವರು.

ಚಪಾನಿಸ್ ಚಕ್ರದ ಹಿಡಿಕೆಯ ತುದಿಗೆ ಪುಟ್ಟ ರಬ್ಬರ್ ಚಕ್ರ, ಫ್ಲಾಪ್ ಹಿಡಿಕೆಗೆ ಫ್ಲಾಪ್ ಆಕಾರದ ತುಂಡು ಕೂರಿಸಿದರು. ಕತ್ತಲಲ್ಲಿ ಮುಟ್ಟಿದರೂ ಯಾವುದು ಯಾವುದು ಅಂತ ಗೊತ್ತಾಗುತ್ತಿತ್ತು. ಇಂದಿಗೂ ವಿಮಾನಗಳಲ್ಲಿ ಚಕ್ರದ ಹಿಡಿಕೆ ಚಕ್ರದ ಆಕಾರದಲ್ಲೇ ಇರುತ್ತದೆ. ಯುದ್ಧ ಮುಗಿದ ಮೇಲೆ 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಇಂಥ 460 "ಪೈಲಟ್ ದೋಷ"ಗಳನ್ನು ಒಟ್ಟುಹಾಕಿ ನೋಡಿದಾಗಲೂ ಅದೇ ಕಂಡಿತು: ತಪ್ಪುಗಳಿಗೆ ಒಂದು ವರಸೆ ಇದೆ, ಆ ವರಸೆ ಉಪಕರಣದ ವಿನ್ಯಾಸದಿಂದ ಬರುತ್ತದೆ.

ನಿಮ್ಮ ಆಫೀಸಿನಲ್ಲಿ ಪಕ್ಕಪಕ್ಕ ಇರುವ ಎರಡು ಬಟನ್, ಒಂದೇ ಬಣ್ಣದ ಎರಡು ಬಾಟಲಿ, ಹೆಸರಿನ ಕೊನೆಯಲ್ಲಿ "ಫೈನಲ್" ಮತ್ತು "ಫೈನಲ್ 2" ಅಂತ ಇರುವ ಎರಡು ಫೈಲ್ ಹುಡುಕಿ. ಜಾಸ್ತಿ ಹೊತ್ತು ಬೇಕಾಗುವುದಿಲ್ಲ.

ತಪ್ಪುಗಳಲ್ಲೂ ಬೇರೆ ಬೇರೆ ಥರ ಇವೆಯಾ?

ಇವೆ, ಮತ್ತು ಮದ್ದು ಒಂದೊಂದಕ್ಕೂ ಬೇರೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಮಾಡಿದ ವಿಂಗಡಣೆ ಹೆಚ್ಚು ಬಳಕೆಯಲ್ಲಿದೆ. ಮಾಡಬೇಕಾದ್ದು ಗೊತ್ತಿದ್ದೂ ಕೈ ಬೇರೆ ಕಡೆ ಹೋಗುವುದು ಒಂದು. ಮರೆತುಹೋಗುವುದು ಇನ್ನೊಂದು. ಪರಿಸ್ಥಿತಿಯನ್ನೇ ತಪ್ಪಾಗಿ ತಿಳಿದು, ತಪ್ಪು ದಾರಿಯನ್ನು ಸರಿ ಅಂತಲೇ ನಂಬಿ ಹೋಗುವುದು ಮೂರನೆಯದು. ಗೊತ್ತಿದ್ದೂ ನಿಯಮ ಬಿಡುವುದು ನಾಲ್ಕನೆಯದು.

ಬಹಳ ಸಂಸ್ಥೆಗಳಲ್ಲಿ ನಾಲ್ಕಕ್ಕೂ ಒಂದೇ ಔಷಧಿ: ಟ್ರೇನಿಂಗ್. ಟ್ರೇನಿಂಗ್ ಕೆಲಸ ಮಾಡುವುದು ಮುಖ್ಯವಾಗಿ ಮೂರನೆಯದಕ್ಕೆ. ಇಪ್ಪತ್ತು ವರ್ಷ ಅನುಭವ ಇರುವವರು ಒಂದು ಸೊನ್ನೆ ಜಾಸ್ತಿ ಒತ್ತಿದರೆ ಅವರಿಗೆ ಸೊನ್ನೆಯ ಬಗ್ಗೆ ಪಾಠ ಮಾಡಿ ಏನು ಪ್ರಯೋಜನ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಕೈತಪ್ಪಿಗೆ ಪರದೆ ಬದಲಾಗಬೇಕು, ಮರೆವಿಗೆ ನೆನಪಿಸುವ ಏರ್ಪಾಡು ಬೇಕು. ನಿಯಮ ಬಿಡುವವರ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಆ ನಿಯಮ ಪೂರ್ತಿ ಪಾಲಿಸಿದರೆ ದಿನದ ಕೆಲಸ ಮುಗಿಯುತ್ತದಾ? ಇಲ್ಲ ಅಂದರೆ ಎಲ್ಲರೂ ಬಿಡುತ್ತಿರುತ್ತಾರೆ, ಸಿಕ್ಕಿಬಿದ್ದವರು ಒಬ್ಬರು.

ಹಾಗಾದರೆ ಯಾರನ್ನೂ ಹೊಣೆ ಮಾಡುವ ಹಾಗೇ ಇಲ್ವಾ? ಎಲ್ಲದಕ್ಕೂ ಸಿಸ್ಟಮ್ ಅಂದುಬಿಟ್ಟರೆ ಆಯಿತಾ?

ಇಲ್ಲ. ಕುಡಿದು ಕೆಲಸಕ್ಕೆ ಬರುವವರು, ದಾಖಲೆ ತಿದ್ದುವವರು, ಅಪಾಯ ಇದೆ ಅಂತ ಚೆನ್ನಾಗಿ ಗೊತ್ತಿದ್ದೂ ಇನ್ನೊಬ್ಬರ ಜೀವದ ಜೊತೆ ಆಡುವವರು ಇದ್ದಾರೆ. ಅವರ ಮೇಲೆ ಕ್ರಮ ಬೇಕೇ ಬೇಕು.

ಉಳಿದ ಸಂದರ್ಭಕ್ಕೆ ಒಂದು ಪರೀಕ್ಷೆ ಇದೆ. ಅದೇ ಅನುಭವ ಇರುವ ಇನ್ನೊಬ್ಬರನ್ನು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಒತ್ತಡದಲ್ಲಿ ಕೂರಿಸಿದ್ದರೆ ಹೀಗೇ ಆಗುತ್ತಿತ್ತಾ? ಆಗುತ್ತಿತ್ತು ಅಂತ ಅವರ ಜೊತೆ ಕೆಲಸ ಮಾಡುವವರೇ ಹೇಳಿದರೆ, ಶೋಕಾಸ್ ನೋಟಿಸ್ ಕೊಡುವುದರಿಂದ ಏನೂ ಬದಲಾಗುವುದಿಲ್ಲ. ಒಂದು ಬದಲಾಗುತ್ತದೆ: ಮುಂದಿನ ಸಲ ಯಾರೂ ನಿಮಗೆ ಹೇಳುವುದಿಲ್ಲ.

ಅಮೆರಿಕದ ವಿಮಾನಯಾನದಲ್ಲಿ 1976ರಿಂದ ನಡೆಯುತ್ತಿರುವ ಒಂದು ಏರ್ಪಾಡನ್ನು ಇಲ್ಲಿ ಹೇಳಲೇಬೇಕು. ಪೈಲಟ್ ಅಥವಾ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ತಮ್ಮಿಂದ ಆದ ತಪ್ಪನ್ನು 10 ದಿನದ ಒಳಗೆ ಬರೆದು ಕಳಿಸಿದರೆ, ಅದು ಬೇಕಂತಲೇ ಮಾಡಿದ್ದಲ್ಲ, ಅಪರಾಧವೂ ಅಲ್ಲ, ಅಪಘಾತವೂ ಆಗಿಲ್ಲ ಅಂದರೆ, ಸಾಮಾನ್ಯವಾಗಿ ದಂಡದಿಂದ ವಿನಾಯಿತಿ ಸಿಗುತ್ತದೆ. ವರದಿ ಹೋಗುವುದು ಲೈಸೆನ್ಸ್ ಕೊಡುವ ಇಲಾಖೆಗೆ ಅಲ್ಲ, ನಾಸಾ ಸಂಸ್ಥೆಗೆ. ಅಲ್ಲಿ ಹೆಸರು ತೆಗೆದುಹಾಕುತ್ತಾರೆ. ಶಿಕ್ಷೆ ಕೊಡುವ ಕೈ ಬೇರೆ, ವರದಿ ಪಡೆಯುವ ಕೈ ಬೇರೆ ಇಟ್ಟದ್ದೇ ಇದರ ಜಾಣತನ. ನಮ್ಮ ಸಂಸ್ಥೆಗಳಲ್ಲಿ ತಪ್ಪು ಒಪ್ಪಿಕೊಳ್ಳಬೇಕಾದ್ದೂ ಅದೇ ಮ್ಯಾನೇಜರ್ ಹತ್ತಿರ, ಇನ್‌ಕ್ರಿಮೆಂಟ್ ಬರೆಯುವವರೂ ಅವರೇ. ಯಾರು ಬಾಯಿ ಬಿಡುತ್ತಾರೆ ಹೇಳಿ?

ಮುಖ್ಯವಾದ ಕೆಲಸಕ್ಕೆ ಎರಡನೆಯವರು, ಮೂರನೆಯವರು ಚೆಕ್ ಮಾಡುವ ಹಾಗೆ ಇಟ್ಟರೆ ತಪ್ಪು ನಿಲ್ಲುತ್ತದಲ್ವಾ?

ಸಿಟಿಬ್ಯಾಂಕ್‌ನಲ್ಲಿ 2020ರ ಆಗಸ್ಟ್‌ನಲ್ಲಿ ಆದದ್ದು ಕೇಳಿ. ರೆವ್ಲಾನ್ ಕಂಪನಿಗೆ ಸಾಲ ಕೊಟ್ಟವರಿಗೆ ಬ್ಯಾಂಕು ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಹೋದದ್ದು ಸುಮಾರು 90 ಕೋಟಿ ಡಾಲರ್. ಅಸಲು ಹೊರಗೆ ಹೋಗದಂತೆ ತಡೆಯಲು ಸಾಫ್ಟ್‌ವೇರ್‌ನಲ್ಲಿ ಮೂರು ಬಾಕ್ಸ್ ಗುರುತು ಮಾಡಬೇಕಿತ್ತು, ಮಾಡಿದ್ದು ಒಂದೇ. ಇದನ್ನು ಒಬ್ಬರು ತುಂಬಿದರು, ಇನ್ನೊಬ್ಬರು ನೋಡಿದರು, ಮೂರನೆಯವರು ಒಪ್ಪಿಗೆ ಕೊಟ್ಟರು. ಆರು ಕಣ್ಣು. ಆರೂ ಕಣ್ಣಿಗೆ ಸರಿ ಅಂತಲೇ ಕಂಡಿತು, ಯಾಕೆಂದರೆ ಮೂವರ ತಲೆಯಲ್ಲೂ ಆ ಪರದೆಯ ಬಗ್ಗೆ ಇದ್ದದ್ದು ಒಂದೇ ತಪ್ಪು ತಿಳುವಳಿಕೆ. ಹಣ ವಾಪಸ್ ಪಡೆಯಲು ಕೋರ್ಟಿಗೆ ಹೋಗಬೇಕಾಯಿತು. ಮೊದಲು ಸೋಲಾಯಿತು, 2022ರಲ್ಲಿ ಮೇಲ್ಮನವಿಯಲ್ಲಿ ತೀರ್ಪು ಬ್ಯಾಂಕಿನ ಪರ ಬಂತು.

ಲೆಕ್ಕದ ಪ್ರಕಾರ ಒಬ್ಬರು 10ರಲ್ಲಿ 9 ತಪ್ಪು ಹಿಡಿದರೆ, ಇಬ್ಬರ ಕಣ್ಣು ತಪ್ಪಿಸುವುದು 100ರಲ್ಲಿ 1 ಮಾತ್ರ. ಈ ಲೆಕ್ಕ ನಿಜವಾಗುವುದು ಎರಡನೆಯವರು ಮೊದಲನೆಯವರನ್ನು ನೋಡದೆ ತಾವೇ ಬೇರೆಯಾಗಿ ನೋಡಿದಾಗ. ನಿಜದಲ್ಲಿ ಏನಾಗುತ್ತದೆ? ಮೊದಲನೆಯವರು "ಹೇಗೂ ಮೇಲಿನವರು ನೋಡ್ತಾರೆ" ಅಂದುಕೊಳ್ಳುತ್ತಾರೆ. ಮೇಲಿನವರು "ಅವರು ನೋಡಿಯೇ ಕಳಿಸಿರ್ತಾರೆ" ಅಂತ ಸಹಿ ಹಾಕುತ್ತಾರೆ. ಸಂಜೆ ಕುಳಿತು ನಲವತ್ತು ಅಪ್ರೂವಲ್ ಒತ್ತುವವರು ನಲವತ್ತನ್ನೂ ಓದಿರುವುದಿಲ್ಲ.

ಎರಡನೇ ಪರಿಶೀಲನೆ ಬೇಕೇ ಅಂದರೆ ಅದು ಬೇರೆ ದಾರಿಯಿಂದ ಬರಲಿ. ಮೊದಲನೆಯವರು ಹಾಕಿದ ಮೊತ್ತ ಕಾಣದ ಹಾಗೆ ಎರಡನೆಯವರು ಮೂಲ ಕಾಗದ ನೋಡಿ ಮತ್ತೆ ಹಾಕಲಿ, ಎರಡೂ ತಾಳೆಯಾದರೆ ಮುಂದೆ ಹೋಗಲಿ. ಎಲ್ಲದಕ್ಕೂ ಇದು ಆಗದು, ಖರ್ಚು ಜಾಸ್ತಿ. ತಪ್ಪಾದರೆ ಸರಿಪಡಿಸಲು ಆಗದಂಥ ಕೆಲವೇ ಕೆಲಸಗಳಿಗೆ ಇಟ್ಟುಕೊಳ್ಳಿ.

ಸಿಸ್ಟಮ್ ವಾರ್ನಿಂಗ್ ಕೊಟ್ಟರೂ ಜನ ನೋಡುವುದಿಲ್ಲ. ಏನು ಮಾಡೋದು?

ವಾರ್ನಿಂಗ್ ಕಡಿಮೆ ಮಾಡಿ. ಜಪಾನಿನ ಮಿಜುಹೊ ಸೆಕ್ಯುರಿಟೀಸ್ ಅನ್ನುವ ಸಂಸ್ಥೆಯಲ್ಲಿ 2005ರ ಡಿಸೆಂಬರ್ 8ರಂದು ಬೇರೊಂದು ಕಂಪನಿಯ ಒಂದು ಷೇರನ್ನು 6,10,000 ಯೆನ್‌ಗೆ ಮಾರುವ ಬದಲು 6,10,000 ಷೇರುಗಳನ್ನು ತಲಾ ಒಂದು ಯೆನ್‌ಗೆ ಮಾರುವ ಆರ್ಡರ್ ಹೋಯಿತು. ಆ ಕಂಪನಿಯ ಒಟ್ಟು ಷೇರುಗಳೇ ಅಷ್ಟು ಇರಲಿಲ್ಲ. ಪರದೆಯ ಮೇಲೆ ವಾರ್ನಿಂಗ್ ಬಂದಿತ್ತು, ಅದನ್ನು ದಾಟಿ ಮುಂದೆ ಹೋದರು. ನಷ್ಟ ಸುಮಾರು 4,000 ಕೋಟಿ ಯೆನ್.

ದಿನಕ್ಕೆ ಐವತ್ತು ಸಲ "ಖಚಿತವೇ?" ಅಂತ ಕೇಳುವ ಪರದೆಗೆ ಬೆರಳು ತಾನಾಗಿ "ಹೌದು" ಒತ್ತುತ್ತದೆ. ಮಾಮೂಲು ವಿಷಯಕ್ಕೆ ಕೇಳಬಾರದು. ಇರುವ ಷೇರಿಗಿಂತ ಜಾಸ್ತಿ ಮಾರುವಂಥ, ಯಾವ ಕಾಲಕ್ಕೂ ಸಾಧ್ಯವಿಲ್ಲದ ವಿಷಯ ಬಂದಾಗ ಕೇಳುವುದೇ ಬೇಡ, ನೇರ ತಡೆದುಬಿಡಬೇಕು.

ತಪ್ಪು ಆಗೋದೇ ಇಲ್ಲ ಅನ್ನುವ ಹಾಗೆ ಮಾಡಲು ಸಾಧ್ಯವಾ?

ಎಲ್ಲ ಕಡೆ ಆಗದು. ಆದರೆ ಜನ ಅಂದುಕೊಂಡದ್ದಕ್ಕಿಂತ ಜಾಸ್ತಿ ಕಡೆ ಆಗುತ್ತದೆ, ಅದೂ ಪುಕ್ಕಟೆಯಾಗಿ. ಶಿಗೆಯೊ ಶಿಂಗೊ ಅನ್ನುವ ಜಪಾನಿ ಎಂಜಿನಿಯರ್ 1961ರಲ್ಲಿ ಒಂದು ಕಾರ್ಖಾನೆಗೆ ಹೋದಾಗ ಅಲ್ಲಿ ಸಣ್ಣ ಸ್ವಿಚ್ ಜೋಡಿಸುತ್ತಿದ್ದರು. ಎರಡು ಬಟನ್, ಒಂದೊಂದರ ಕೆಳಗೆ ಒಂದೊಂದು ಸ್ಪ್ರಿಂಗ್. ಆಗಾಗ ಒಂದು ಸ್ಪ್ರಿಂಗ್ ಹಾಕುವುದು ಮರೆತುಹೋಗುತ್ತಿತ್ತು. ಗ್ರಾಹಕರಿಂದ ದೂರು ಬಂದಾಗಲೆಲ್ಲ ಕೆಲಸಗಾರರಿಗೆ ಬೈಗುಳ, ಸ್ವಲ್ಪ ದಿನ ಸರಿ, ಮತ್ತೆ ಅದೇ ಕಥೆ. ಶಿಂಗೊ ಹೇಳಿದ್ದು ಇಷ್ಟೇ: ಡಬ್ಬಿಯಿಂದ ನೇರವಾಗಿ ಸ್ಪ್ರಿಂಗ್ ತೆಗೆದು ಹಾಕಬೇಡಿ. ಮೊದಲು ಎರಡು ಸ್ಪ್ರಿಂಗ್ ತೆಗೆದು ಒಂದು ಪುಟ್ಟ ತಟ್ಟೆಯಲ್ಲಿಡಿ, ಅಲ್ಲಿಂದ ಹಾಕಿ. ಕೊನೆಗೆ ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತಿದ್ದೀರಿ ಅಂತ ಆಗಲೇ ಕಾಣುತ್ತದೆ. ಒಂದು ತಟ್ಟೆಯ ಖರ್ಚು.

ಎಟಿಎಂ ಇನ್ನೊಂದು ಉದಾಹರಣೆ. ಮೊದಲು ದುಡ್ಡು ಕೊಟ್ಟು ಆಮೇಲೆ ಕಾರ್ಡ್ ಕೊಟ್ಟರೆ ಜನ ಕಾರ್ಡ್ ಬಿಟ್ಟು ಹೋಗುತ್ತಾರೆ, ಬಂದ ಕೆಲಸ ಆಯಿತಲ್ಲ! ಮೊದಲು ಕಾರ್ಡ್ ತೆಗೆದುಕೊಂಡರೆ ಮಾತ್ರ ದುಡ್ಡು ಬರುವ ಹಾಗೆ ಮಾಡಿದರೆ ಯಾರಿಗೂ ಏನೂ ಹೇಳಿಕೊಡಬೇಕಿಲ್ಲ. ನಿಮ್ಮ ಫಾರ್ಮ್‌ಗಳಲ್ಲೂ ಇದನ್ನೇ ನೋಡಿ: ಜನರಿಗೆ ಬೇಕಾದ್ದು ಸಿಕ್ಕಿದ ಮೇಲೆ ಅವರಿಂದ ಏನಾದರೂ ಕೇಳುತ್ತಿದ್ದೀರಾ? ಅದು ಖಾಲಿಯೇ ಇರುತ್ತದೆ.

ಒಂದು ಎಚ್ಚರಿಕೆ. "ಈ ಜಾಗ ತುಂಬಲೇಬೇಕು" ಅಂತ ಬಿಗಿ ಮಾಡಿದರೆ ಜನ 9999 ಅಂತ ಹೊಡೆದು ಮುಂದೆ ಹೋಗುತ್ತಾರೆ. ಪಟ್ಟಿಯಿಂದ ಆರಿಸುವ ಹಾಗೆ ಮಾಡಿ, ಪಟ್ಟಿ ಚಿಕ್ಕದಿರಲಿ, ತುಂಬುವವರಿಗೆ ಉತ್ತರ ಗೊತ್ತಿರುವ ಹಂತದಲ್ಲಿ ಕೇಳಿ.

ಚೆಕ್‌ಲಿಸ್ಟ್ ಇಟ್ಟರೆ ಪ್ರಯೋಜನ ಇದೆಯಾ, ಅಥವಾ ಅದೂ ಒಂದು ಟಿಕ್ ಹಾಕುವ ಕೆಲಸವಾ?

ಎರಡೂ ಆಗಬಹುದು. 1935ರ ಅಕ್ಟೋಬರ್ 30ರಂದು ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನ ಪರೀಕ್ಷೆಯಲ್ಲಿ ಬಿದ್ದಿತು. ನಿಲ್ಲಿಸಿದಾಗ ರೆಕ್ಕೆಬಾಲ ಅಲುಗಾಡದಂತೆ ಹಾಕುವ ಲಾಕ್ ತೆಗೆಯಲು ಅನುಭವಿ ಪೈಲಟ್‌ಗಳೇ ಮರೆತಿದ್ದರು. ಪೈಲಟ್‌ಗಳ ಚೆಕ್‌ಲಿಸ್ಟ್ ರೂಢಿಗೆ ಬಂದದ್ದು ಅಲ್ಲಿಂದ. ಆಸ್ಪತ್ರೆಗಳಲ್ಲಿ ಇದರ ದೊಡ್ಡ ಉದಾಹರಣೆ ಅಮೆರಿಕದ ಮಿಷಿಗನ್ ರಾಜ್ಯದ್ದು. ಐಸಿಯುಗಳಲ್ಲಿ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯಿಂದ ಸೋಂಕು ಆಗದಂತೆ ಐದೇ ಐದು ಅಂಶ: ಕೈ ತೊಳೆಯುವುದು, ಸೋಂಕು ತಡೆಯುವ ಪೂರ್ತಿ ಹೊದಿಕೆ, ಸರಿಯಾದ ಔಷಧದಿಂದ ಚರ್ಮ ಒರೆಸುವುದು, ತೊಡೆಯ ಬುಡದಲ್ಲಿ ಹಾಕದಿರುವುದು, ಬೇಡವಾದ ತಕ್ಷಣ ತೆಗೆಯುವುದು. 2006ರಲ್ಲಿ ಪ್ರಕಟವಾದ ವರದಿಯಲ್ಲಿ, 1,000 ನಳಿಕೆ ದಿನಗಳಿಗೆ (ಒಂದು ನಳಿಕೆ ಒಂದು ದಿನ ಇದ್ದರೆ ಒಂದು ನಳಿಕೆ ದಿನ) 2.7 ಇದ್ದ ಸೋಂಕಿನ ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ, ಮೂರು ತಿಂಗಳ ಒಳಗೆ ಸೊನ್ನೆಗೆ ಬಂತು.

ಇನ್ನೊಂದು ಮುಖವನ್ನೂ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸೆ ಚೆಕ್‌ಲಿಸ್ಟ್ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣವನ್ನು 1.5%ರಿಂದ 0.8%ಕ್ಕೆ ಇಳಿಸಿತು ಅಂತ 2009ರಲ್ಲಿ ವರದಿ ಬಂತು. ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳಲ್ಲಿ ಅಂಥ ಚೆಕ್‌ಲಿಸ್ಟ್ ಕಡ್ಡಾಯ ಆದಾಗ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ ಅಂತ 2014ರ ಅಧ್ಯಯನ ಹೇಳಿತು. ಕಾಗದ ಹೆಚ್ಚುಕಮ್ಮಿ ಒಂದೇ. ನನ್ನ ಅಭಿಪ್ರಾಯ ಕೇಳಿದರೆ, ಮಿಷಿಗನ್‌ನಲ್ಲಿ ಕೆಲಸ ಮಾಡಿದ್ದು ಪಟ್ಟಿಯ ಜೊತೆಗಿದ್ದ ಎರಡು ಸಂಗತಿ. ಬೇಕಾದ ಸಾಮಾನೆಲ್ಲ ಒಂದೇ ಗಾಡಿಯಲ್ಲಿ ಕೈಗೆ ಸಿಗುತ್ತಿತ್ತು. ಅಂಶ ತಪ್ಪಿದರೆ ಡಾಕ್ಟರನ್ನು ನಿಲ್ಲಿಸುವ ಅಧಿಕಾರ ನರ್ಸ್‌ಗೆ ಇತ್ತು. ಮೇಲಿಂದ ಆದೇಶ ಹೊರಡಿಸಿ ಪಟ್ಟಿ ಮಾತ್ರ ಇಳಿಸಿದರೆ ಟಿಕ್ ಮಾತ್ರ ಸಿಗುತ್ತದೆ.

ಖರ್ಚು ಇಳಿಸಲು ಎಲ್ಲ ವಿಭಾಗಕ್ಕೂ 10% ಕಟ್ ಮಾಡಿದರೆ?

ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ಸೋರುವ ವಿಭಾಗಕ್ಕೂ ಚೆನ್ನಾಗಿ ನಡೆಯುವ ವಿಭಾಗಕ್ಕೂ ಒಂದೇ ಕತ್ತರಿ. ಮೊದಲು ಹೋಗುವುದು ಮೇಂಟೆನೆನ್ಸ್, ತರಬೇತಿ, ಪರೀಕ್ಷೆ, ಯಾಕೆಂದರೆ ಇವನ್ನು ನಿಲ್ಲಿಸಿದ ತಿಂಗಳು ಏನೂ ಆಗುವುದಿಲ್ಲ. ಆಗುವುದು ಮುಂದಿನ ವರ್ಷ, ಬೇರೆ ವಿಭಾಗದ ಲೆಕ್ಕದಲ್ಲಿ.

ಇದರ ಬದಲು ಬರುವ ಕೆಲಸವನ್ನೇ ಎರಡು ಪಾಲು ಮಾಡಿ ನೋಡಿ. ಗ್ರಾಹಕರಿಗೆ ನಿಜವಾಗಿ ಬೇಕಾದ ಕೆಲಸ ಒಂದು ಪಾಲು. ನಾವು ಮೊದಲ ಸಲ ಸರಿ ಮಾಡದೆ ಇದ್ದದ್ದಕ್ಕೆ ಹುಟ್ಟಿದ ಕೆಲಸ ಇನ್ನೊಂದು: "ನನ್ನ ಅರ್ಜಿ ಎಲ್ಲಿಗೆ ಬಂತು?", "ಬಿಲ್ಲಲ್ಲಿ ತಪ್ಪಿದೆ", "ಇನ್ನೊಮ್ಮೆ ಕಳಿಸಿ". ಕಾಲ್ ಸೆಂಟರ್‌ನಲ್ಲಿ ಒಂದು ದಿನ ಕುಳಿತು ಗೆರೆ ಎಳೆದು ಎಣಿಸಿದರೆ ಸಾಕು. ಎರಡನೇ ಪಾಲು ಎಷ್ಟು ದೊಡ್ಡದು ಅಂತ ನೋಡಿದ ಮೇಲೆ ಒಂದೊಂದು ಕಾಲ್ ಎಷ್ಟು ಬೇಗ ಮುಗಿಸಬೇಕು ಅನ್ನುವ ಚರ್ಚೆಯೇ ಬೇಡವಾಗುತ್ತದೆ.

ಸಂಬಳ ಕೊಡ್ತೀವಿ ಅಂದಮೇಲೆ ಜನ ಪೂರ್ತಿ ಬ್ಯುಸಿ ಇರಬೇಕಲ್ವಾ?

ಕೆಲಸ ಒಂದೇ ಸಮನೆ ಬರುವುದಿದ್ದರೆ ಸರಿ. ಯಾವಾಗ ಎಷ್ಟು ಬರುತ್ತದೆ ಅಂತ ಗೊತ್ತಿಲ್ಲದ ಕಡೆ ಪೂರ್ತಿ ಬ್ಯುಸಿ ಅಂದರೆ ಮುಗಿಯದ ಕ್ಯೂ. ಒಬ್ಬರೇ ಇರುವ ಕೌಂಟರ್‌ನ ಸರಳ ಲೆಕ್ಕ ಹೀಗಿದೆ. ಒಂದು ಕೆಲಸಕ್ಕೆ ಸರಾಸರಿ 10 ನಿಮಿಷ ಬೇಕು ಅಂತಿಟ್ಟುಕೊಳ್ಳಿ. ದಿನದ 50% ಹೊತ್ತು ಕೆಲಸ ಇದ್ದರೆ ಬಂದವರು ಸರಾಸರಿ 10 ನಿಮಿಷ ಕಾಯುತ್ತಾರೆ. ಅದೇ 80% ಆದರೆ 40 ನಿಮಿಷ, 90% ಆದರೆ 90 ನಿಮಿಷ, 95% ಆದರೆ 190 ನಿಮಿಷ. ಕೊನೆಯ ಆ 5% ಉಳಿಸಲು ಹೋಗಿ ಕಾಯುವ ಹೊತ್ತು ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಕಾದವರು ಫೋನ್ ಮಾಡುತ್ತಾರೆ, ಬಂದು ಕೇಳುತ್ತಾರೆ, ಅವಸರ ಮಾಡುತ್ತಾರೆ. ಅವಸರದಲ್ಲಿ ಕೈ ತಪ್ಪುತ್ತದೆ.

ತಪ್ಪಿನ ಖರ್ಚು ಲೆಕ್ಕ ಹಾಕುವುದು ಹೇಗೆ? ಲೆಡ್ಜರ್‌ನಲ್ಲಿ ಆ ಹೆಸರಿನ ತಲೆಬರಹವೇ ಇಲ್ಲ.

ಇರುವುದಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಅಮೆರಿಕದ ಗುಣಮಟ್ಟ ತಜ್ಞ ಆರ್ಮಂಡ್ ಫೈಗನ್‌ಬಾಮ್ 1956ರಲ್ಲಿ ಬರೆದ ಲೇಖನದಿಂದ ಬೆಳೆದು ಬಂದ ವಿಂಗಡಣೆ ಇಂದಿಗೂ ಸಾಕು: ತಪ್ಪು ತಡೆಯುವ ಖರ್ಚು, ಪರೀಕ್ಷಿಸುವ ಖರ್ಚು, ಒಳಗೇ ಸಿಕ್ಕಿದ ತಪ್ಪಿನ ಖರ್ಚು, ಗ್ರಾಹಕರ ಕೈಗೆ ಹೋದ ಮೇಲೆ ಸಿಕ್ಕಿದ ತಪ್ಪಿನ ಖರ್ಚು. ಒಂದು ತಿಂಗಳು ಒಂದೇ ತಂಡದಲ್ಲಿ ಗಂಟೆ ಲೆಕ್ಕ ಬರೆದಿಡಿ. ಮತ್ತೆ ಮಾಡಿದ ಕೆಲಸ ಎಷ್ಟು ಗಂಟೆ, ಫಾಲೋಅಪ್ ಎಷ್ಟು, ಓವರ್‌ಟೈಮ್ ಎಷ್ಟು. ಪೈಸೆ ಲೆಕ್ಕ ಬೇಡ, ಅಂದಾಜು ಸಾಕು. ದುಡ್ಡಿನ ಲೆಕ್ಕ ತೋರಿಸಿದರೆ ಮಾತ್ರ ಮೇಲಿನವರು ಕಿವಿಗೊಡುತ್ತಾರೆ ಅನ್ನುವ ಕಡೆ ಇದೇ ನಿಮ್ಮ ಕೈಯಲ್ಲಿರುವ ಅಸ್ತ್ರ.

ತಿಂಗಳಿಗೆ ಇಷ್ಟಕ್ಕಿಂತ ಜಾಸ್ತಿ ತಪ್ಪು ಆಗಬಾರದು ಅಂತ ಟಾರ್ಗೆಟ್ ಇಡಬಹುದಾ?

ಇಟ್ಟ ತಿಂಗಳೇ ಸಂಖ್ಯೆ ಇಳಿಯುತ್ತದೆ. ತಪ್ಪು ಇಳಿದಿದೆಯಾ ಅನ್ನುವುದು ಬೇರೆ ಮಾತು. ಟಾರ್ಗೆಟ್ ಆದ ಅಳತೆ ಅಳತೆಯಾಗಿ ಉಳಿಯುವುದಿಲ್ಲ.

ಇನ್ನೊಂದು ತೊಂದರೆಯೂ ಇದೆ. ಅಮೆರಿಕದ ವಾಲ್ಟರ್ ಶೂಹಾರ್ಟ್ ಅನ್ನುವವರು 1924ರಲ್ಲೇ ಇದಕ್ಕೆ ಚಾರ್ಟ್ ಬರೆದು ತೋರಿಸಿದ್ದರು. ಯಾವ ಕೆಲಸದಲ್ಲೂ ಸಂಖ್ಯೆ ತಾನಾಗಿ ಮೇಲೆ ಕೆಳಗೆ ಆಡುತ್ತದೆ. ಸುಮಾರಾಗಿ ಸರಾಸರಿಯ ವರ್ಗಮೂಲದ ಮೂರು ಪಟ್ಟು ಮೇಲೆ ಕೆಳಗೆ ಆಡುವುದು ಸಹಜ. ತಿಂಗಳಿಗೆ ಸರಾಸರಿ 16 ತಪ್ಪು ಆಗುವ ಕಡೆ, 16ರ ವರ್ಗಮೂಲ 4, ಅದರ ಮೂರು ಪಟ್ಟು 12. ಹಾಗಾಗಿ 4ರಿಂದ 28ರ ಒಳಗೆ ಎಷ್ಟು ಬಂದರೂ ಅದು ಹೊಸ ಸುದ್ದಿ ಅಲ್ಲ. ಈ ತಿಂಗಳು 22 ಬಂತು ಅಂತ ಬೈದರು, ಮುಂದಿನ ತಿಂಗಳು 13ಕ್ಕೆ ಇಳಿಯಿತು. ಬೈದದ್ದರಿಂದಲೇ ಇಳಿಯಿತು ಅಂತ ಮ್ಯಾನೇಜರ್ ನಂಬುತ್ತಾರೆ. ಬೈಯದಿದ್ದರೂ ಇಳಿಯುತ್ತಿತ್ತು. 30 ಬಂದಾಗ ಏನೋ ಬೇರೆ ಆಗಿದೆ ಅಂತ ಹುಡುಕಿ. 16 ಅನ್ನುವ ಸರಾಸರಿಯೇ ಇಳಿಯಬೇಕು ಅಂದರೆ ಕೆಲಸದ ಹಾದಿ ಬದಲಿಸಬೇಕು, ಜನರನ್ನು ಗದರಿಸಿ ಅದು ಆಗದು.

"ಐದು ಸಲ ಯಾಕೆ ಅಂತ ಕೇಳಿ" ಅನ್ನುತ್ತಾರಲ್ಲ, ಅದು ಸಾಕಾ?

ಶುರುವಿಗೆ ಚೆನ್ನಾಗಿದೆ. ಟೊಯೊಟಾದವರಿಂದ ಬಂದ ಅಭ್ಯಾಸ. ಆದರೆ ನಿಜವಾದ ಅವಘಡಕ್ಕೆ ಒಂದೇ ಸರಪಳಿ ಇರುವುದಿಲ್ಲ. ಎರಡನೇ "ಯಾಕೆ"ಗೆ ಮೂರು ಉತ್ತರ ಬಂದರೆ ಮೂರನ್ನೂ ಬರೆದುಕೊಳ್ಳಿ. ಉತ್ತರ ಒಬ್ಬ ವ್ಯಕ್ತಿಯ ಹೆಸರಿಗೆ ಬಂದು ನಿಂತರೆ ಇನ್ನೊಂದು ಸಲ ಕೇಳಿ.

ಒಳ್ಳೆ ಸಾಫ್ಟ್‌ವೇರ್ ತಂದರೆ ಇದೆಲ್ಲ ತಾನಾಗಿ ಸರಿ ಹೋಗಲ್ವಾ?

ಹಾದಿ ಸರಿ ಮಾಡುವ ಮೊದಲೇ ಸಾಫ್ಟ್‌ವೇರ್ ತರುವುದು ಅಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ. ಕೆಟ್ಟ ಹಾದಿ ಹಾಗೇ ಇರುತ್ತದೆ, ವೇಗ ಮಾತ್ರ ಜಾಸ್ತಿ ಆಗುತ್ತದೆ.

ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನುವ ಷೇರು ವ್ಯವಹಾರದ ಸಂಸ್ಥೆಯಲ್ಲಿ 2012ರ ಆಗಸ್ಟ್ 1ರಂದು ಆದದ್ದು ಇದೇ. ಹೊಸ ಕೋಡ್ ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು, ಒಂದಕ್ಕೆ ಹಾಕುವುದು ಬಿಟ್ಟುಹೋಯಿತು. ಆ ಒಂದರಲ್ಲಿ ಹಳೇ ಕೋಡ್ ಎಚ್ಚರಾಯಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಜಾಸ್ತಿ ನಷ್ಟ. ಮಾರುಕಟ್ಟೆ ತೆರೆಯುವ ಮೊದಲೇ ಏನೋ ಸರಿಯಿಲ್ಲ ಅನ್ನುವ 97 ಇಮೇಲ್‌ಗಳನ್ನು ಆ ವ್ಯವಸ್ಥೆಯೇ ಸಿಬ್ಬಂದಿಗೆ ಕಳಿಸಿತ್ತು. ಅವು ಎಚ್ಚರಿಕೆ ಅಂತ ವಿನ್ಯಾಸ ಮಾಡಿದ ಮೇಲ್‌ಗಳಲ್ಲ, ಹಾಗಾಗಿ ಯಾರೂ ಅದರ ಹಿಂದೆ ಹೋಗಲಿಲ್ಲ. ಎಲ್ಲ ಸರ್ವರ್‌ಗೂ ಹೋಗಿದೆಯಾ ಅಂತ ಎರಡನೆಯವರು ನೋಡಬೇಕು ಅನ್ನುವ ಬರಹದ ನಿಯಮವೂ ಇರಲಿಲ್ಲ.

ಇಂಗ್ಲೆಂಡಿನಲ್ಲಿ 2020ರಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಮಾಹಿತಿ ಸಾಗಿಸಲು ಬಳಸಿದ್ದ ಹಳೇ ಮಾದರಿಯ ಎಕ್ಸೆಲ್ ಫೈಲಿನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಮಿಕ್ಕಿದ್ದು ಸದ್ದಿಲ್ಲದೆ ಕಾಣೆಯಾಯಿತು. ಸಾಫ್ಟ್‌ವೇರ್ ತರುವಾಗ ಕೇಳಬೇಕಾದ ಪ್ರಶ್ನೆ: ಇದು ಕೈಕೊಟ್ಟಾಗ ಯಾರಿಗೆ, ಹೇಗೆ ಗೊತ್ತಾಗುತ್ತದೆ?

ನಮ್ಮದು ಸಣ್ಣ ಸಂಸ್ಥೆ. ಸಿಕ್ಸ್ ಸಿಗ್ಮಾ, ಬೆಲ್ಟು, ಸರ್ಟಿಫಿಕೇಟು ಎಲ್ಲ ಬೇಕಾ?

ಬೇಡ. ಸಿಕ್ಸ್ ಸಿಗ್ಮಾ ಅನ್ನುವುದು ತಪ್ಪು ಇಳಿಸುವ ಒಂದು ಪದ್ಧತಿ, ಬೆಲ್ಟು ಅದರ ತರಬೇತಿಯ ದರ್ಜೆ. ಅದು 1986ರಲ್ಲಿ ಮೊಟೊರೊಲಾ ಕಂಪನಿಯಲ್ಲಿ, ಲಕ್ಷಗಟ್ಟಲೆ ಒಂದೇ ಥರದ ವಸ್ತು ಮಾಡುವ ಕಡೆ ಹುಟ್ಟಿದ್ದು. ನಿಮಗೆ ಒಂದು ಬಿಳಿ ಹಲಗೆ, ಒಂದು ನೋಟ್‌ಬುಕ್, ವಾರಕ್ಕೆ ಅರ್ಧ ಗಂಟೆ ಸಾಕು.

ಸುಧಾರಣೆ ಮಾಡಿ ಆರು ತಿಂಗಳಾದರೆ ಎಲ್ಲ ಹಳೇ ಸ್ಥಿತಿಗೇ ಬರುತ್ತದೆ. ಯಾಕೆ?

ಹಳೇ ಹಾದಿ ತೆರೆದೇ ಇರುತ್ತದೆ, ಅದಕ್ಕೆ. ಹೊಸ ಫಾರ್ಮ್ ಬಂದಿರುತ್ತದೆ, ಹಳೇ ಫಾರ್ಮ್ ಶೇರ್ಡ್ ಫೋಲ್ಡರ್‌ನಲ್ಲಿ ಹಾಗೇ ಇರುತ್ತದೆ. ಹೊಸದಾಗಿ ಸೇರಿದವರಿಗೆ ಪಕ್ಕದ ಸೀಟಿನವರು ಹಳೇದನ್ನೇ ತೋರಿಸುತ್ತಾರೆ. ಎಸ್‌ಒಪಿಯಲ್ಲಿ, ಅಂದರೆ ಕೆಲಸ ಮಾಡುವ ಕ್ರಮ ಬರೆದಿಟ್ಟ ಕಾಗದದಲ್ಲಿ, ಹೊಸ ಪ್ಯಾರಾ ಸೇರಿರುತ್ತದೆ, ಹಳೇದು ಹೋಗಿರುವುದಿಲ್ಲ. ಪ್ರತಿ ಅವಘಡದ ಮೇಲೂ ಒಂದು ಸಹಿ ಜಾಸ್ತಿ ಆಗುತ್ತಾ ಹೋಗಿ, ಕೊನೆಗೆ ಇಡೀ ಹಾದಿ ಯಾರಿಗೂ ಪಾಲಿಸಲು ಆಗದ ಹಾಗೆ ಬೆಳೆದಿರುತ್ತದೆ.

ನಾನು ಹೋದ ಕಡೆಯೆಲ್ಲ ಎರಡು ಕರಾರು ಹಾಕುತ್ತೇನೆ. ಒಂದು ಹಂತ ಸೇರಿಸಬೇಕು ಅಂದರೆ ಒಂದು ತೆಗೆಯಬೇಕು. ಬದಲಾವಣೆ ಮಾಡಿದ ದಿನವೇ, ಮೂರು ತಿಂಗಳ ಮೇಲೆ ಅದನ್ನು ಮತ್ತೆ ಹೋಗಿ ನೋಡುವವರ ಹೆಸರು ಮತ್ತು ತಾರೀಕು ಬರೆಯಬೇಕು. ಆ ಹೆಸರು ಬದಲಾವಣೆ ಮಾಡಿಸಿದವರದ್ದೇ ಆಗಿರಬೇಕು, ಜೂನಿಯರ್ ಒಬ್ಬರನ್ನು ಕಳಿಸುವ ಹಾಗಿಲ್ಲ. ಎರಡನೆಯದಕ್ಕೆ ಎಲ್ಲರೂ ತಕ್ಷಣ ಒಪ್ಪುತ್ತಾರೆ. ಮೊದಲನೆಯದರ ಮೇಲೆ ಜಗಳ ಆಗುತ್ತದೆ, ಆಗಲಿ ಬಿಡಿ.